ನಾಯಕಿಯ ಕೈಗೆ ಕತ್ತಿ ಕೊಡುವ ಮುನ್ನ: ಹದಿಹರೆಯದವರಿಗಾಗಿ ಮಲೆನಾಡಿನ ಐತಿಹಾಸಿಕ ಕಾದಂಬರಿ ಬರೆಯುವ ಬಗೆ

ನನ್ನ ಮೊದಲ ಹಸ್ತಪ್ರತಿಯಲ್ಲಿ ಹದಿನಾಲ್ಕು ವರ್ಷದ ಹುಡುಗಿಯೊಬ್ಬಳು ಆಷಾಢದ ನಡುರಾತ್ರಿ ಬಿದನೂರು (ಈಗಿನ ನಗರ) ಕೋಟೆಯಿಂದ ಕುದುರೆ ಹತ್ತಿ ಹೊರಟು, ಮೂವರು ಮೊಗಲ್ ಸವಾರರನ್ನು ಒಬ್ಬಳೇ ಕಡಿದು ಹಾಕುತ್ತಿದ್ದಳು. ಬರೆದಾಗ ಮೈ ಜುಮ್ಮೆಂದಿತ್ತು. ಒಂಬತ್ತನೇ ಕ್ಲಾಸಿನಲ್ಲಿದ್ದ ತಂಗಿಯ ಮಗಳಿಗೆ ಓದಲು ಕೊಟ್ಟೆ. ಎರಡು ದಿನ ಬಿಟ್ಟು ಅವಳು ಕೇಳಿದ್ದು ಎರಡೇ ಪ್ರಶ್ನೆ. ‘ದೊಡ್ಡಮ್ಮ, ಇವಳಿಗೆ ಕತ್ತಿ ಬೀಸೋಕೆ ಕಲಿಸಿದ್ದು ಯಾರು? ಇವಳಿಗೆ ಮುಟ್ಟಾಗಲ್ವಾ?’

ಅಡುಗೆಮನೆಯಲ್ಲಿದ್ದ ಅಮ್ಮ ಅಲ್ಲಿಂದಲೇ ಮೂರನೆಯದನ್ನು ಸೇರಿಸಿದಳು. ‘ಆಷಾಢದಲ್ಲಿ ನಗರದ ಸೀಮೇಲಿ ಕುದುರೆ ಓಡುತ್ತಾ ಮಾರಾಯ್ತಿ? ಎತ್ತೇ ಹೂತುಹೋಗುತ್ತೆ.’

ಮುನ್ನೂರು ಪುಟ ಮೂಲೆಗೆ ಹೋಯಿತು. ಮತ್ತೆ ಮೊದಲಿಂದ ಶುರು ಮಾಡಿದಾಗ ಕಲಿತದ್ದನ್ನು, ಇಂಥದೇ ಕಾದಂಬರಿ ಬರೆಯಲು ಹೊರಟವರಿಗೆ ಇಲ್ಲಿ ಹೇಳುತ್ತಿದ್ದೇನೆ. ಕ್ರಮ ನನ್ನದು. ನಿಮಗೆ ಹಿಂದುಮುಂದಾದರೆ ಹಾಗೇ ಮಾಡಿಕೊಳ್ಳಿ, ಎರಡನೆಯದನ್ನು ಮಾತ್ರ ಬಿಡಬೇಡಿ.

1. ಒಂದು ವರ್ಷ ಆರಿಸಿ, ಒಂದು ಮಳೆ ಆರಿಸಿ

‘ಕೆಳದಿ ಅರಸರ ಕಾಲ’ ಎಂದುಕೊಂಡು ಕೂತರೆ ಕಥೆ ಹುಟ್ಟುವುದಿಲ್ಲ. 1500ರ ಆಸುಪಾಸಿನಿಂದ 1763ರಲ್ಲಿ ಹೈದರಾಲಿ ಬಿದನೂರನ್ನು ಹಿಡಿಯುವವರೆಗೆ ಎರಡೂವರೆ ಶತಮಾನಕ್ಕೂ ಮೀರಿದ ಕಾಲ ಅದು. ಅಷ್ಟರಲ್ಲಿ ರಾಜಧಾನಿಯೇ ಕೆಳದಿಯಿಂದ ಇಕ್ಕೇರಿಗೆ, ಇಕ್ಕೇರಿಯಿಂದ ಬಿದನೂರಿಗೆ ಎರಡು ಸಲ ಜಾಗ ಬದಲಿಸಿತು. ನಿಮ್ಮ ಹುಡುಗಿ ಬದುಕುವುದು ಅದರಲ್ಲಿ ಒಂದು ವರ್ಷ, ಹೆಚ್ಚೆಂದರೆ ಎರಡು.

ಅರಸರೇ ಬೇಕೆಂದೇನೂ ಇಲ್ಲ. 1830-31ರ ನಗರ ದಂಗೆ ಇದೆ. ರೈತರು ಕೂಟ ಕಟ್ಟಿ ಕಂದಾಯ ಕೊಡುವುದನ್ನು ನಿಲ್ಲಿಸಿದ್ದು, ಬೂದಿ ಬಸವಪ್ಪ ನಗರದ ಗಾದಿ ತನ್ನದೆಂದು ಎದ್ದದ್ದು, ಕೊನೆಗೆ 1831ರಲ್ಲಿ ಮೈಸೂರಿನ ಆಡಳಿತವೇ ಬ್ರಿಟಿಷರ ಕೈಗೆ ಹೋದದ್ದು ಎಲ್ಲ ಅಲ್ಲಿದೆ. ಶಿಕಾರಿಪುರ ತಾಲ್ಲೂಕಿನ ಈಸೂರು 1942ರಲ್ಲಿ ತಾನು ಸ್ವತಂತ್ರ ಎಂದು ಸಾರಿಕೊಂಡಾಗ ಊರವರು ಹುಡುಗರನ್ನೇ ಅಮಲ್ದಾರ, ಸಬ್ ಇನ್ಸ್‌ಪೆಕ್ಟರ್ ಮಾಡಿ ಕೂರಿಸಿದ್ದರು. ‘ಏಸೂರ ಕೊಟ್ಟರೂ ಈಸೂರ ಕೊಡೆವು’ ಎಂಬ ಮಾತು ನಮಗೆಲ್ಲ ಗೊತ್ತು. ಆ ಹುಡುಗ ಅಮಲ್ದಾರನ ಅಕ್ಕನೋ ತಂಗಿಯೋ ಆ ದಿನ ಏನು ಮಾಡುತ್ತಿದ್ದಳು ಎಂದು ಯಾರು ಕೇಳಿದ್ದಾರೆ? ಮುಂದಿನ ಮಾರ್ಚಿನಲ್ಲಿ ಐವರಿಗೆ ಗಲ್ಲಾಯಿತು, ಹೆಂಗಸರೂ ಜೈಲು ಕಂಡರು. 1951ರ ಕಾಗೋಡು ಸತ್ಯಾಗ್ರಹದಲ್ಲಿ ಜಗಳ ಹೊತ್ತಿದ್ದು ಗೇಣಿ ಭತ್ತ ಅಳೆಯುವ ಕೊಳಗದ ಗಾತ್ರದಿಂದ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಮುಗಿದು ಶರಾವತಿ ಕಣಿವೆಯ ಊರುಗಳು ಮುಳುಗಿದವು. ಕೊನೆಯ ಎರಡಕ್ಕೊಂದು ಅನುಕೂಲವಿದೆ: ನೋಡಿದವರು, ಅಳೆದವರು, ಮನೆ ಬಿಟ್ಟು ಬಂದವರು ಇನ್ನೂ ಇದ್ದಾರೆ. ಕೇಳಿ ಬರೆಯುವುದಾದರೆ ತಡ ಮಾಡಬೇಡಿ.

ವರ್ಷ ಸಿಕ್ಕ ಮೇಲೆ ಮಳೆ. ಮಲೆನಾಡಿನ ಕಥೆಗೆ ಜುಲೈ, ಆಗಸ್ಟ್ ಸಾಲದು. ಆರಿದ್ರೆಯೋ ಪುನರ್ವಸುವೋ ಪುಷ್ಯವೋ ಎಂಬುದು ಬೇಕು. ಯಾವ ಮಳೆ ಎಂದು ಗೊತ್ತಾದರೆ ಗದ್ದೆಯಲ್ಲಿ ಏನು ನಡೆಯುತ್ತಿದೆ, ಯಾವ ಹಳ್ಳ ದಾಟಬಹುದು, ಯಾವ ಸಂಕ ಕೊಚ್ಚಿಹೋಗಿದೆ, ದಂಡು ಬರಬಹುದೇ ಇಲ್ಲವೇ ಎಲ್ಲ ತಾನಾಗಿ ಗೊತ್ತಾಗುತ್ತದೆ. ಬಿದನೂರಿನಂಥ ಊರಿಗೆ ನಾಲ್ಕು ತಿಂಗಳ ಮಳೆಯೇ ಹೊರಸುತ್ತಿನ ಕೋಟೆ. ನನ್ನ ಆಷಾಢದ ಕುದುರೆ ಸತ್ತದ್ದು ಅಲ್ಲೇ.

ನಾನು ಆರಿಸಿಕೊಂಡದ್ದು 1689. ಆ ವರ್ಷ ಮರಾಠಾ ದೊರೆ ಸಂಭಾಜಿಯನ್ನು ಔರಂಗಜೇಬ ಕೊಲ್ಲಿಸಿದ. ಅವನ ತಮ್ಮ ರಾಜಾರಾಮ ವೇಷ ಮರೆಸಿಕೊಂಡು ದೂರದ ಜಿಂಜಿ ಕೋಟೆಗೆ ಹೊರಟ. ದಾರಿಯಲ್ಲಿ ಅವನಿಗೆ ಆಶ್ರಯ ಕೊಟ್ಟವಳು ಕೆಳದಿಯ ಚೆನ್ನಮ್ಮ. 1671ರಿಂದ ಸುಮಾರು ಕಾಲು ಶತಮಾನ ರಾಜ್ಯವಾಳಿದ ವಿಧವೆ ಅವಳು. ಅದಕ್ಕಾಗಿ ಮೊಗಲ್ ಸೈನ್ಯವನ್ನೂ ಎದುರಿಸಬೇಕಾಯಿತು. ರಾಜಾರಾಮ ಹೊರಟದ್ದು ಮಳೆಗಾಲ ಮುಗಿಯುವ ಹೊತ್ತಿಗೆ. ಹಾಗಾಗಿ ನನ್ನ ಕಥೆ ಹಸ್ತ, ಚಿತ್ತೆ ಮಳೆಗಳ ಕಥೆಯಾಯಿತು: ಬೆಳಿಗ್ಗೆ ಬಿಸಿಲು, ಮಧ್ಯಾಹ್ನದ ಮೇಲೆ ಗುಡುಗು.

2. ಅವಳಿಗೊಂದು ಕೆಲಸ ಕೊಡಿ

ಗಟ್ಟಿ ಹುಡುಗಿ ಎಂದ ತಕ್ಷಣ ನಮ್ಮ ಕೈ ಕತ್ತಿಯ ಕಡೆಗೇ ಹೋಗುತ್ತದೆ. ನನ್ನದೂ ಹೋಯಿತಲ್ಲ. ಕತ್ತಿ ಹಿಡಿದ ಹೆಣ್ಣುಗಳು ಇರಲೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಆದರೆ ಲೇಖಕಿ ಹೊರಗಿನಿಂದ ತಂದುಕೊಟ್ಟ ಕತ್ತಿಯನ್ನು ಓದುವ ಹುಡುಗಿ ಎರಡೇ ನಿಮಿಷದಲ್ಲಿ ಪತ್ತೆ ಹಚ್ಚುತ್ತಾಳೆ. ನಾಯಕಿಯ ಬಲ ಅವಳು ದಿನವೂ ಮಾಡುವ ಕೆಲಸದಲ್ಲೇ ಇರಬೇಕು. ಆ ಮನೆಯಲ್ಲಿ, ಆ ಊರಿನಲ್ಲಿ ಅವಳ ಕೈಗೆ ನಿಜಕ್ಕೂ ಸಿಗುತ್ತಿದ್ದದ್ದೇನು? ಕಣಜದ ಬೀಗ, ಬಾವಿಯ ಹಗ್ಗ, ದನ ಕಾಯುವಾಗ ಕಂಡುಕೊಂಡ ಕಾಲುದಾರಿ, ಯಾವ ಸೊಪ್ಪು ವಿಷ ಯಾವುದು ಮದ್ದು ಎಂಬ ತಿಳಿವು, ಅಂಬಿಗರ ಮನೆಯವಳಾದರೆ ಹೊಳೆಯ ಸೆಳೆತ. ಇವುಗಳಲ್ಲಿ ಒಂದನ್ನು ಎತ್ತಿಕೊಂಡು ಇಡೀ ಕಥೆಯನ್ನು ಅದರ ಮೇಲೆ ನಿಲ್ಲಿಸಿ.

ನನ್ನ ಹುಡುಗಿಯ ಹೆಸರು ತಿಪ್ಪಮ್ಮ. (ಮೊದಲು ಬೇರೇನೋ ಚಂದದ ಹೆಸರಿತ್ತು. ಹುಟ್ಟಿದ ಮಕ್ಕಳು ನಿಲ್ಲದ ಮನೆಯಲ್ಲಿ ದೃಷ್ಟಿಯಾಗದಿರಲೆಂದು ತಿಪ್ಪಮ್ಮ, ಹುಚ್ಚಮ್ಮ, ಗುಂಡಮ್ಮ ಎಂದು ಕರೆಯುತ್ತಿದ್ದರು. ಹೆಸರು ಬದಲಿಸಿದ ದಿನವೇ ಅವಳ ತಾಯಿಯ ದುಃಖವೂ ಒಂದೂ ಸಾಲು ಬರೆಯದೆ ಕಥೆಯೊಳಗೆ ಬಂತು.) ಅವಳಪ್ಪ ಬಿದನೂರಿಗೆ ಹೋಗುವ ದಾರಿಯ ಸುಂಕದ ಕಟ್ಟೆಯಲ್ಲಿ ಲೆಕ್ಕ ಬರೆಯುವವನು. ಊರಿನ ಹೆಸರು ನನ್ನ ಕಲ್ಪನೆ. ಮೆಣಸು, ಅಡಿಕೆ ಹೊತ್ತ ಹೇರೆತ್ತುಗಳು ಅಲ್ಲಿ ನಿಂತು ಹೋಗಬೇಕು. ಅಪ್ಪನ ಕಣ್ಣು ಮಂಜಾಗುತ್ತಿದೆ, ಯಾರಿಗೂ ಹೇಳಿಲ್ಲ, ಹೇಳಿದರೆ ಕೆಲಸ ಹೋಗುತ್ತದೆ. ಸಂಜೆ ಕದ ಹಾಕಿಕೊಂಡ ಮೇಲೆ ಕಡತ ಬರೆಯುವವಳು ತಿಪ್ಪಮ್ಮ.

ಕಡತ ನೋಡಿದ್ದೀರಾ? ಬಟ್ಟೆಗೆ ಹುಣಸೆಬೀಜದ ಸರಿ, ಇದ್ದಿಲಪುಡಿ ಬಳಿದು ಕಪ್ಪಗೆ ಮಾಡಿ, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಲ್ಲಿ ಬಿಳಿ ಅಕ್ಷರ ಬರೆಯುತ್ತಿದ್ದರು. ಲೆಕ್ಕ ಮುಗಿದರೆ ಒರೆಸಿ ಮತ್ತೆ ಬರೆಯಬಹುದು. ಒರೆಸಬಹುದು ಎಂಬ ಆ ಒಂದು ಮಾತು ಗೊತ್ತಾದ ದಿನ ನನಗೆ ಇಡೀ ಕಾದಂಬರಿ ಸಿಕ್ಕಿತು. ಜಂಗಮರ ವೇಷದಲ್ಲಿ ಒಂದು ಗುಂಪು ಕಟ್ಟೆ ದಾಟುತ್ತದೆ. ಅವರ ಕಾಲಿನ ಗಾಯ ಬರಿಗಾಲಲ್ಲಿ ನಡೆದು ಅಭ್ಯಾಸವಿದ್ದವರದ್ದಲ್ಲ ಎಂದು ತಿಪ್ಪಮ್ಮನಿಗೆ ಕಾಣುತ್ತದೆ. ಕಡತದಲ್ಲಿ ಸಾಲು ಬರೆಯುತ್ತಾಳೆ. ನಾಲ್ಕು ದಿನ ಕಳೆದ ಮೇಲೆ ಬೇರೆ ಯಾರೋ ಬಂದು ಆ ಸಾಲನ್ನು ತೋರಿಸು ಎನ್ನುತ್ತಾರೆ. ಒರೆಸಿದರೆ ಅಪ್ಪ ಸುಳ್ಳು ಲೆಕ್ಕದವನಾಗುತ್ತಾನೆ. ಒರೆಸದಿದ್ದರೆ ರಾಣಿಯ ಅತಿಥಿಗೆ ಕುತ್ತು.

ಕತ್ತಿಗಿಂತ ಬಳಪ ಮೇಲು ಎಂದು ಸಾಧಿಸುವ ಹಟ ನನಗಿಲ್ಲ. ಅವಳ ಕೈಯಲ್ಲಿ ನಿಜಕ್ಕೂ ಇದ್ದದ್ದು ಬಳಪ, ಅಷ್ಟೇ.

ಇವಳಿಗೆ ಅಕ್ಷರ ಹೇಗೆ ಬಂತು? ಇದನ್ನು ಹಾರಿಸಿ ಮುಂದೆ ಹೋಗಬೇಡಿ, ಓದುಗರು ಕೇಳಿಯೇ ಕೇಳುತ್ತಾರೆ. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ ಇಕ್ಕೇರಿಗೆ ಬರುವ ದಾರಿಯಲ್ಲಿ ಒಂದು ಗುಡಿಯ ಜಗಲಿಯಲ್ಲಿ ಕಂಡದ್ದನ್ನು ಬರೆದಿದ್ದಾನೆ. ಚಿಕ್ಕ ಹುಡುಗರು ನೆಲದ ಮೇಲೆ ಮರಳು ಹರಡಿಕೊಂಡು, ಪಾಠವನ್ನು ರಾಗವಾಗಿ ಹೇಳುತ್ತ, ಬೆರಳಿನಲ್ಲಿ ಲೆಕ್ಕ ಬರೆಯುತ್ತಿದ್ದರಂತೆ. ಅವನು ಬರೆದದ್ದು ಹುಡುಗರ ಬಗ್ಗೆ ಮಾತ್ರ. ನನ್ನ ತಿಪ್ಪಮ್ಮ ತಮ್ಮನನ್ನು ಕರೆತರಲು ಹೋಗಿ ಜಗಲಿಯ ಕೆಳಗೆ ನಿಲ್ಲುತ್ತಾಳೆ. ರಾಗ ಕಿವಿಗೆ ಬೀಳುತ್ತದೆ. ಮನೆಗೆ ಬಂದು ಬೂದಿಯಲ್ಲಿ ಬರೆಯುತ್ತಾಳೆ. ಅಲ್ಲಿಗೆ ಆ ಪ್ರಶ್ನೆ ಮುಗಿಯಿತು.

ಕೆಲಸಕ್ಕೂ ಕಥೆಗೂ ನಂಟು ಹೀಗೆ ಬಿಗಿಯಬೇಕು. ಕಾಗೋಡಿನ ಕಥೆಯಾದರೆ ಅವಳು ಕೊಳಗ ತುಂಬುವವಳಾಗಲಿ. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ಕೊಳಗಕ್ಕೆ ಒಂದು ಹಿಡಿ ಹೆಚ್ಚಾದರೆ ಖಂಡುಗಕ್ಕೆ ಎಷ್ಟು, ಐದು ಖಂಡುಗಕ್ಕೆ ಎಷ್ಟು ಎಂಬ ಲೆಕ್ಕವನ್ನು ಭಾಷಣ ಮಾಡುವವರಿಗಿಂತ ಮೊದಲು ಅವಳ ಕೈ ಹೇಳುತ್ತದೆ. ದೀವರ ಮನೆಯವಳಾದರೆ ಗೋಡೆಯ ಹಸೆ ಚಿತ್ತಾರ, ಭೂಮಿ ಹುಣ್ಣಿಮೆಗೆ ಬರೆಯುವ ಭೂಮಣ್ಣಿ ಬುಟ್ಟಿ ಅವಳ ಕೈಯಲ್ಲಿದೆ. ಬುಟ್ಟಿಯ ಮೇಲೆ ಎಳೆಯುವ ಎಳೆಗಳಲ್ಲೇ ಸುದ್ದಿ ಅಡಗಿಸುವ ಹುಡುಗಿಯನ್ನು ಯಾರಾದರೂ ಬರೆದರೆ ನಾನೇ ಮೊದಲು ಕೊಳ್ಳುತ್ತೇನೆ.

3. ಅಡ್ಡಿಗಳನ್ನು ಅಳಿಸಬೇಡಿ

ತಂಗಿಯ ಮಗಳ ಎರಡನೇ ಪ್ರಶ್ನೆಗೆ ಬರೋಣ. ಹದಿನಾಲ್ಕರ ಹುಡುಗಿಗೆ ಮುಟ್ಟಾಗುತ್ತದೆ. ಆ ಕಾಲದ ಎಷ್ಟೋ ಮನೆಗಳಲ್ಲಿ ಮೂರು ದಿನ ಹೊರಗೆ ಕೂರಬೇಕು, ಯಾವುದನ್ನೂ ಮುಟ್ಟುವ ಹಾಗಿಲ್ಲ. ಅಂದರೆ ಆ ಮೂರು ದಿನ ಕಡತವನ್ನೂ ಮುಟ್ಟುವ ಹಾಗಿಲ್ಲ! ನಾನು ತಪ್ಪಿಸಿಕೊಳ್ಳಲು ನೋಡಿದ್ದ ವಿಷಯ ಕಥೆಯ ಅತಿ ಬಿಗಿಯಾದ ಅಧ್ಯಾಯವಾಯಿತು. ಸಾಲು ತೋರಿಸು ಎಂದು ಕೇಳುವವರು ಬರುವುದೇ ಆ ದಿನಗಳಲ್ಲಿ. ಅಪ್ಪನಿಗೆ ಓದಲು ಕಣ್ಣು ಕಾಣದು. ಅವಳು ಹಿತ್ತಲ ಕೊಟ್ಟಿಗೆಯಿಂದಲೇ, ಬಾಯಿಪಾಠ ಮಾಡಿದ ಲೆಕ್ಕವನ್ನು ತಮ್ಮನ ಮೂಲಕ ಅಪ್ಪನ ಕಿವಿಗೆ ಮುಟ್ಟಿಸಬೇಕು.

ಮದುವೆಯೂ ಹಾಗೆಯೇ. 1689ರಲ್ಲಿ ಹದಿನಾಲ್ಕರ ಹುಡುಗಿಗೆ ಮದುವೆಯಾಗಿಲ್ಲ ಎಂದರೆ ಯಾಕೆ ಎಂದು ಊರೇ ಕೇಳುತ್ತದೆ. ಮೈಸೂರು ಸಂಸ್ಥಾನ ಬಾಲ್ಯವಿವಾಹದ ಮೇಲೆ ಕಾನೂನು ತಂದದ್ದು 1894ರಲ್ಲಿ. ಅದೂ ಎಂಟು ವರ್ಷದೊಳಗಿನ ಹೆಣ್ಣುಮಕ್ಕಳ ಮದುವೆ ಕೂಡದು ಎಂದು. ಎಂಟು! ಕಾನೂನು ಅಷ್ಟಕ್ಕೆ ನಿಂತಿತೆಂದರೆ ಅದಕ್ಕೂ ಇನ್ನೂರು ವರ್ಷ ಹಿಂದಿನ ಸ್ಥಿತಿಯನ್ನು ಊಹಿಸಿಕೊಳ್ಳಿ. ತಿಪ್ಪಮ್ಮನಿಗೆ ಮದುವೆಯಾಗಿದೆ, ಗಂಡನ ಮನೆಗೆ ಇನ್ನೂ ಕಳಿಸಿಲ್ಲ. ಕಳಿಸುವ ದಿನ ಹತ್ತಿರ ಬರುತ್ತಿದೆ. ಅವಳು ಹೋದರೆ ಅಪ್ಪನ ಕಣ್ಣಿನ ಗುಟ್ಟು ಬಯಲಾಗುತ್ತದೆ. ಓಡುವ ಗಡಿಯಾರವನ್ನು ನಾನು ಕಥೆಗೆ ತರಬೇಕಾಗಲೇ ಇಲ್ಲ.

ಜಾತಿಯ ವಿಷಯದಲ್ಲಿ ನಾವು ಮಲೆನಾಡಿನ ಲೇಖಕರು ಬಹಳ ಜಾಣರು. ಹಸಿರು, ಮಳೆ, ಕಡುಬು, ಹೊಳೆ ಎಂದು ಬರೆದು ಆ ಕಡುಬಿನ ಅಕ್ಕಿ ಬೆಳೆದವರನ್ನು ಅಂಗಳದಾಚೆಯೇ ನಿಲ್ಲಿಸಿಬಿಡುತ್ತೇವೆ. ನಾಯಕಿ ಯಾವ ಬಾವಿಯ ನೀರು ಸೇದುತ್ತಾಳೆ, ಆ ಬಾವಿಗೆ ಯಾರು ಬರುವ ಹಾಗಿಲ್ಲ, ಅದು ಅವಳ ಕಣ್ಣಿಗೆ ಬೀಳುತ್ತದೆಯೇ? ಬೀಳದಿದ್ದರೂ ಸರಿ, ಆ ಕಾಲದವಳಿಗೆ ಅದು ಸಹಜವೆಂದೇ ಕಂಡೀತು. ಆದರೆ ಓದುಗರ ಕಣ್ಣಿಗೆ ಬೀಳುವ ಹಾಗೆ ನೀವು ಬರೆದಿರಬೇಕು. ಅವಳ ಬಾಯಲ್ಲಿ ಇವತ್ತಿನ ಸಮಾನತೆಯ ಭಾಷಣ ಮಾಡಿಸುವುದಕ್ಕಿಂತ, ಜೀತದ ಮನೆಯ ಗೆಳತಿಗೆ ಅವಳು ತಿಳಿಯದೆಯೇ ಮಾಡುವ ಒಂದು ಅನ್ಯಾಯವನ್ನು ತೋರಿಸುವುದು ಹೆಚ್ಚು ನಿಜ. ಹದಿನೈದರ ಓದುಗರು ಅದನ್ನು ತಾಳಿಕೊಳ್ಳುತ್ತಾರೆ. ಸಂಕಟವಾಗುವುದು ಹೆಚ್ಚಾಗಿ ನಮಗೆ.

4. ದಾಖಲೆಗಳ ಹತ್ತಿರ ಹೋಗಿ

ಬಿ. ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ 7 ಮತ್ತು 8ನೇ ಸಂಪುಟಗಳು (1902, 1904) ಶಿವಮೊಗ್ಗ ಜಿಲ್ಲೆಯವು. ಅಲ್ಲಿಂದ ಶುರು ಮಾಡಿ. ನಿಮ್ಮ ತಾಲ್ಲೂಕಿನ ಶಾಸನಗಳನ್ನು ಓದುತ್ತ ಹೋದರೆ ಮೊದಲು ಬೇಸರ ಬರುತ್ತದೆ: ದಾನ, ಗಡಿ, ಶಾಪ, ಮತ್ತೆ ದಾನ. ತಾಳ್ಮೆ ಇರಲಿ. ಶಿಕಾರಿಪುರ ತಾಲ್ಲೂಕಿನ ಬಂದಳಿಕೆಯಲ್ಲಿ ಹತ್ತನೇ ಶತಮಾನದ ಆರಂಭದ ಶಾಸನವೊಂದಿದೆ. ಗಂಡ ಸತ್ತ ಮೇಲೆ ‘ನಾಗರಖಂಡ ಎಪ್ಪತ್ತು’ ಎಂಬ ಸೀಮೆಯ ನಾಳ್ಗಾವುಂಡನ, ಅಂದರೆ ನಾಡಿನ ಮುಖ್ಯಸ್ಥನ, ಅಧಿಕಾರ ಅವನ ಹೆಂಡತಿ ಜಕ್ಕಿಯಬ್ಬೆಗೆ ಸಿಗುತ್ತದೆ. ಹೆಣ್ಣಾದರೂ ಸಮರ್ಥವಾಗಿ ಆಳಿದಳೆಂದು ಹೊಗಳುವ ಶಾಸನ, ಕೊನೆಗೆ ರೋಗ ಬಂದು ಅವಳು ಬಂದಳಿಕೆಯಲ್ಲೇ ಸಲ್ಲೇಖನ (ಸಾಯುವ ತನಕ ಉಪವಾಸವಿರುವ ಜೈನ ವ್ರತ) ಕೈಗೊಂಡಳೆಂದು ಹೇಳುತ್ತದೆ. ಆ ಅಧಿಕಾರ ಕೈಗೆ ಬಂದ ಮೊದಲ ವಾರ ಅವಳ ಮನೆಯಲ್ಲಿ ಹೇಗಿದ್ದೀತು? ಮನೆಯಲ್ಲಿ ಹದಿಮೂರರ ಹುಡುಗಿಯೊಬ್ಬಳಿದ್ದರೆ ಅವಳಿಗೆ ತಾಯಿ ದಿಢೀರನೆ ಏನಾಗಿ ಕಂಡಿದ್ದಾಳು? ನಾನು ಬರೆಯಲಿಲ್ಲ. ಬೇಕಾದವರು ಬರೆಯಿರಿ.

ಸತಿ ಹೋದವರ ನೆನಪಿಗೆ ನಿಲ್ಲಿಸಿದ ಮಾಸ್ತಿಕಲ್ಲುಗಳನ್ನೂ ನಿಂತು ನೋಡಿ. ಬಳೆ ತೊಟ್ಟ, ಮೊಳಕೈ ಮಡಿಸಿ ಮೇಲೆತ್ತಿದ ಒಂದು ಕೈ. ಎಷ್ಟೋ ಕಲ್ಲುಗಳಲ್ಲಿ ಹೆಸರಿಲ್ಲ. ಇದನ್ನು ಕಥೆಗೆ ತರುವುದಾದರೆ ವೈಭವ ಮಾಡಬೇಡಿ.

ಕೆಳದಿಯ ಬಗ್ಗೆಯಾದರೆ ಲಿಂಗಣ್ಣ ಕವಿಯ ‘ಕೆಳದಿನೃಪವಿಜಯ’ ಇದೆ. ಅರಸರನ್ನು ಹೊಗಳಲೆಂದೇ ಬರೆದ ಕಾವ್ಯ ಎಂಬ ಎಚ್ಚರದಲ್ಲೇ ಓದಿ. 1800-01ರಲ್ಲಿ ಈ ಸೀಮೆಯಲ್ಲಿ ತಿರುಗಿದ ಫ್ರಾನ್ಸಿಸ್ ಬುಕಾನನ್ ಬೆಳೆ, ಅಳತೆ, ಬೆಲೆ, ಗೇಣಿ ಎಲ್ಲವನ್ನೂ ಗುಮಾಸ್ತನ ಹಾಗೆ ಬರೆದಿಟ್ಟಿದ್ದಾನೆ. ಕಾದಂಬರಿಕಾರರಿಗೆ ಇದಕ್ಕಿಂತ ಬೇರೆ ಚಿನ್ನ ಬೇಡ. ಕೆಳದಿಯ ವಸ್ತುಸಂಗ್ರಹಾಲಯದಲ್ಲಿ ತಾಳೆಗರಿ, ಹಳೆಯ ಕಾಗದಪತ್ರ, ಕಡತಗಳು ಕಣ್ಣಿಗೇ ಸಿಗುತ್ತವೆ. ಶಿವಮೊಗ್ಗದಲ್ಲಿ ತುಂಗೆಯ ದಡದ ಶಿವಪ್ಪ ನಾಯಕ ಅರಮನೆಯೂ ಈಗ ಸರ್ಕಾರದ ವಸ್ತುಸಂಗ್ರಹಾಲಯ. ಅದರ ಅಂಗಳದಲ್ಲಿ ಇಟ್ಟಿರುವ ಕಲ್ಲುಗಳ ನಡುವೆ ಒಂದು ಮಧ್ಯಾಹ್ನ ಕಳೆಯಿರಿ, ಪುಸ್ತಕ ಆಮೇಲೆ.

ಟಿಪ್ಪಣಿ ಬರೆದುಕೊಳ್ಳಲು ಎರಡು ನೋಟ್‌ಬುಕ್ ಇಡಿ. ಒಂದರಲ್ಲಿ ಇಸವಿ, ಹೆಸರು, ಘಟನೆ. ಇನ್ನೊಂದರಲ್ಲಿ ಬರೀ ವಸ್ತುಗಳು: ದೀಪಕ್ಕೆ ಏನು ಎಣ್ಣೆ, ಬೆಂಕಿ ಹೇಗೆ ಹೊತ್ತಿಸುತ್ತಿದ್ದರು, ಉಪ್ಪು ಎಲ್ಲಿಂದ ಬರುತ್ತಿತ್ತು. ಬರೆಯಲು ಕೂತಾಗ ಮೊದಲನೆಯದನ್ನು ಮುಚ್ಚಿಟ್ಟು ಎರಡನೆಯದನ್ನು ತೆರೆಯಿರಿ.

5. ನೆಲ ನೋಡಿ, ಆದರೆ ಕಣ್ಣನ್ನು ನಂಬಬೇಡಿ

ನಗರದ ಕೋಟೆಗೆ ಹೋಗಿ, ಕವಲೇದುರ್ಗ ಹತ್ತಿ. ಮಳೆ ನಿಂತು ವಾರವಾದ ಮೇಲೆ ಹೋದರೆ ಒಳ್ಳೆಯದು, ಉಂಬಳ (ಕಾಡಿನ ಜಿಗಣೆ) ಕಡಿಮೆ. (ಉಂಬಳ ಕಚ್ಚಿಸಿಕೊಳ್ಳದೆ ಮಲೆನಾಡಿನ ಕಥೆ ಬರೆಯುವುದೂ ಒಂದು ಮೋಸವೇ, ಅದು ಬೇರೆ ಮಾತು.) ಬಾಗಿಲಿನಿಂದ ಬಾಗಿಲಿಗೆ ಎಷ್ಟು ಹೆಜ್ಜೆ, ಹತ್ತುವಾಗ ಎಲ್ಲಿ ಉಸಿರು ಕಟ್ಟುತ್ತದೆ, ಮಾತು ಎಷ್ಟು ದೂರ ಕೇಳುತ್ತದೆ ಎಂದು ಬರೆದುಕೊಳ್ಳಿ. ಫೋಟೋ ಇದನ್ನೆಲ್ಲ ಹೇಳುವುದಿಲ್ಲ.

ಆದರೆ ಈಗ ಕಾಣುವ ಮಲೆನಾಡು ಹೊಸದು. ನನ್ನ ಮೊದಲ ಪ್ರತಿಯಲ್ಲಿ ನಾಯಕಿ ಅಕೇಶಿಯಾ ತೋಪಿನಲ್ಲಿ ಅಡಗುತ್ತಿದ್ದಳು. ಹೆಸರು ಬರೆದಿರಲಿಲ್ಲ, ಉದ್ದುದ್ದ ಸಾಲುಮರ, ಕೆಳಗೆ ಒಂದೂ ಹುಲ್ಲಿಲ್ಲ ಎಂದು ಬರೆದಿದ್ದೆ. ಅದು ಅಕೇಶಿಯಾ ಅಲ್ಲದೆ ಇನ್ನೇನು? ಇಪ್ಪತ್ತನೇ ಶತಮಾನದ ಕೊನೆಯಲ್ಲಿ ನೆಟ್ಟ ತೋಪು ಅದು. ನೀಲಗಿರಿ, ಲಂಟಾನ, ದಾರಿಯುದ್ದಕ್ಕೂ ಹಬ್ಬಿರುವ ಕಮ್ಯುನಿಸ್ಟ್ ಗಿಡ ಯಾವುದೂ 1689ರಲ್ಲಿ ಇಲ್ಲಿರಲಿಲ್ಲ. ಗುಡ್ಡದ ಮೇಲಿಂದ ಕಾಣುವ ಆ ನೀಲಿ ಹಿನ್ನೀರು ಇಪ್ಪತ್ತನೇ ಶತಮಾನದ ಅಣೆಕಟ್ಟೆಯದು. ಅಲ್ಲಿ ಕಣಿವೆ ಇತ್ತು, ಗದ್ದೆ ಇತ್ತು, ಊರು ಇತ್ತು. ಮಂಗಳೂರು ಹೆಂಚಿನ ಮಾಡನ್ನೂ ತೆಗೆದುಹಾಕಿ. ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ತಿಪ್ಪಮ್ಮನದು ಸೋಗೆ ಮನೆ. ಸೋಗೆ ಮಾಡಿಗೆ ಮಳೆ ಬಿದ್ದ ಸದ್ದೇ ಬೇರೆ, ಹೆಂಚಿನ ಮೇಲೆ ಬಿದ್ದ ಹಾಗೆ ಬಡಿಯುವುದಿಲ್ಲ. ಹಾಗಾಗಿ ಮಳೆಯಲ್ಲೂ ಹೊರಗಿನ ಹೆಜ್ಜೆ ಸಪ್ಪಳ ಒಳಗೆ ಕೇಳಿಸುತ್ತದೆ. ಒಂದು ಇಡೀ ದೃಶ್ಯವನ್ನು ನಾನು ಇದರ ಮೇಲೆ ಕಟ್ಟಿದೆ.

ಅಡುಗೆಮನೆಯಲ್ಲೂ ಹೀಗೆ ಜಾರುವುದುಂಟು. ಮೆಣಸಿನಕಾಯಿ ಬಂದದ್ದು ಪೋರ್ಚುಗೀಸರ ಜೊತೆ. ಜಕ್ಕಿಯಬ್ಬೆಯ ಮನೆಯ ಸಾರಿಗೆ ಕಾಳುಮೆಣಸೇ ಗತಿ. ಟೊಮೆಟೊ, ಆಲೂಗಡ್ಡೆಯನ್ನಂತೂ ಕೆಳದಿಯ ಕಾಲಕ್ಕೆ ತರಲೇಬೇಡಿ. ಕಳಲೆ, ಕೆಸು, ಅಪ್ಪೆಮಿಡಿ, ಮುರುಗಲು, ವಾಟೆಹುಳಿ ಇದ್ದೇ ಇವೆಯಲ್ಲ. ಕಾಗೋಡಿನ ಕಥೆಯವರಿಗೆ ಈ ತಲೆಬಿಸಿ ಕಡಿಮೆ.

6. ರಾಣಿ ದೂರದಲ್ಲೇ ಇರಲಿ

ಚೆನ್ನಮ್ಮನನ್ನು ನಾಯಕಿಯ ಗೆಳತಿ ಮಾಡುವ ಆಸೆ ಎಲ್ಲರಿಗೂ ಬರುತ್ತದೆ. ಬೇಡ. ನಿಜವಾಗಿ ಬದುಕಿದ್ದವರ ಬಾಯಲ್ಲಿ ನಾವು ತುರುಕಿದ ಮಾತು ಮುಂದೆ ಮಕ್ಕಳ ಪ್ರಬಂಧದಲ್ಲಿ ಇತಿಹಾಸವಾಗಿ ಕಾಣಿಸಿಕೊಳ್ಳುತ್ತದೆ. ನನ್ನ ಕಾದಂಬರಿಯಲ್ಲಿ ರಾಣಿ ಬರುವುದು ಒಂದೇ ಸಲ, ಮೇಣೆಯ ಪರದೆಯ ಆಚೆ. ತಿಪ್ಪಮ್ಮನಿಗೆ ಕಾಣುವುದು ಪರದೆ ಹಿಡಿದ ಒಂದು ಕೈ. ಓದಿದವರೆಲ್ಲ ನೆನಪಿಟ್ಟುಕೊಂಡದ್ದು ಆ ಕೈಯನ್ನೇ.

7. ಮಾತು

ಹಳಗನ್ನಡ ಬರೆಯಲು ಹೋಗಬೇಡಿ, ನಾಟಕದ ಕಂಪನಿಯ ಕನ್ನಡವೂ ಬೇಡ. ಇವತ್ತಿನ ಮಲೆನಾಡಿನ ಮನೆಮಾತೇ ಇರಲಿ. ಅದರಿಂದ ಆ ಕಾಲಕ್ಕೆ ಒಗ್ಗದ್ದನ್ನು ಆರಿಸಿ ತೆಗೆಯುವುದಷ್ಟೇ ಕೆಲಸ. ‘ಐದು ನಿಮಿಷ’ ಹೋಗಿ ‘ಎಲೆಅಡಿಕೆ ಹಾಕುವಷ್ಟು ಹೊತ್ತು’ ಬರಲಿ. ಗಳಿಗೆ, ಜಾವ, ಹರಿದಾರಿ ಇವೆ. ಅಮಲ್ದಾರನ ಜಾಗಕ್ಕೆ ಪಾರುಪತ್ಯಗಾರ, ಸಹಿಯ ಜಾಗಕ್ಕೆ ಒಪ್ಪ. ‘ಶಿಸ್ತು’ ಎಂದರೆ ಇವತ್ತು ಸ್ಕೂಲಿನ ಸಾಲು, ಶಿವಪ್ಪ ನಾಯಕನ ಕಾಲಕ್ಕೆ ಅದು ಗದ್ದೆ ತೋಟಗಳ ಮೇಲೆ ಕಟ್ಟಿದ ಕಂದಾಯದ ಲೆಕ್ಕ. ಇಂಥ ಒಂದೊಂದು ಪದ ಸಿಕ್ಕರೂ ಪುಟ ಬೆಳಗುತ್ತದೆ. ಆದರೆ ಪುಟಕ್ಕೆ ಎರಡೋ ಮೂರೋ ಸಾಕು, ಅರ್ಥ ಅಲ್ಲೇ ಮಾತಿನಲ್ಲೇ ತಿಳಿಯಬೇಕು, ಕೆಳಗೆ ಅಡಿಟಿಪ್ಪಣಿ ನೋಡಲು ಮಕ್ಕಳು ಹೋಗುವುದಿಲ್ಲ.

ನನ್ನ ಹಳೆಯ ಪ್ರತಿಯಲ್ಲಿ ನಾಯಕಿ ‘ಹೆಣ್ಣೆಂದು ನನ್ನನ್ನು ಹೀಗಳೆಯಬೇಡಿ!’ ಎಂದು ಗುಡುಗುತ್ತಿದ್ದಳು. ಈಗಿನದರಲ್ಲಿ ಅಪ್ಪನನ್ನು ಹೊಗಳುವ ಗುಂಪಿನ ಹಿಂದೆ ನಿಂತು ತಮ್ಮನ ಕಿವಿಯಲ್ಲಿ ಹೇಳುತ್ತಾಳೆ: ‘ಲೆಕ್ಕ ನಂದು. ಒಪ್ಪ ಅಪ್ಪಯ್ಯಂದು.’

8. ಓದಿಸಿ, ಬೈಸಿಕೊಳ್ಳಿ

ಗಾತ್ರ ಇನ್ನೂರು ಪುಟ ದಾಟದಿದ್ದರೆ ಒಳ್ಳೆಯದು. ಒಂದು ಅಧ್ಯಾಯ ಬಸ್ಸಿನಲ್ಲಿ ಆನಂದಪುರದಿಂದ ಸಾಗರ ಮುಟ್ಟುವುದರೊಳಗೆ ಮುಗಿಯಬೇಕು ಎಂಬುದು ನನ್ನ ಅಳತೆ. ಮೊದಲ ಪ್ರತಿಯನ್ನು ಸಾಹಿತಿಗಳಿಗೆ ಕೊಡಬೇಡಿ. ಹೈಸ್ಕೂಲಿನ ನಾಲ್ಕು ಮಕ್ಕಳನ್ನು ಜಗಲಿಯಲ್ಲಿ ಕೂರಿಸಿಕೊಂಡು ಗಟ್ಟಿಯಾಗಿ ಓದಿ. ಅವರು ಏನು ಹೇಳುತ್ತಾರೆ ಎಂಬುದಕ್ಕಿಂತ ಯಾವ ಸಾಲಿಗೆ ಅಂಗಳದ ಕಡೆ ನೋಡುತ್ತಾರೆ ಎಂಬುದನ್ನು ಗುರುತು ಹಾಕಿಕೊಳ್ಳಿ. ನನ್ನ ಓದಿನಲ್ಲಿ ಅವರು ಹಾಗೆ ಅಂಗಳ ನೋಡಿದ್ದು ಕೆಳದಿ ವಂಶಾವಳಿ ಹೇಳುವ ಎರಡು ಪುಟಗಳಲ್ಲಿ. ಎರಡನ್ನೂ ತೆಗೆದೆ.

ಆಮೇಲೆ ಎಪ್ಪತ್ತು ದಾಟಿದ ಒಬ್ಬ ಹೆಂಗಸಿಗೆ ಓದಿ ಹೇಳಿ. ಇತಿಹಾಸದ ಮೇಷ್ಟ್ರು ಹಿಡಿಯದ ತಪ್ಪನ್ನು ಅವರು ಹಿಡಿಯುತ್ತಾರೆ. ನಾನು ಅಮ್ಮನಿಗೆ ಓದಿದೆ. ಕೊನೆಯ ಅಧ್ಯಾಯದಲ್ಲಿ ಹಸ್ತದ ಮಳೆ ಗುಡುಗುತ್ತಿದೆ, ತಿಪ್ಪಮ್ಮ ಮಳೆಗೆ ತಲೆ ಬೆನ್ನು ಮುಚ್ಚುವ ಗೊರಬು ಹಾಕಿಕೊಂಡು, ಕಡತವನ್ನು ಎದೆಗೊತ್ತಿ, ಬಿದನೂರಿನ ಕಡೆ ಓಡುತ್ತಿದ್ದಾಳೆ.

‘ನಿಲ್ಲು ನಿಲ್ಲು’ ಎಂದಳು ಅಮ್ಮ. ‘ಗೊರಬು ಹಾಕ್ಕೊಂಡು ಓಡೋದು ಎಂತದು? ಬಗ್ಗಿ ನೆಟ್ಟಿ ಮಾಡೋರಿಗೆ ಅದು. ಎದ್ದು ನಿಂತ್ರೆ ಗಾಳಿ ಹೊತ್ತುಕೊಂಡು ಹೋಗುತ್ತೆ. ಹಸ್ತದ ಹೊತ್ತಿಗೆ ನೆಟ್ಟಿ ಮುಗಿದು ಗೊರಬು ಅಟ್ಟ ಸೇರಿರುತ್ತೆ. ಕಂಬಳಿಕೊಪ್ಪೆ ಹಾಕು.’

ಕಂಬಳಿಕೊಪ್ಪೆ ಹಾಕಿದೆ. ನೆನೆದ ಕಂಬಳಿ ಭಾರ, ಅವಳು ಓಡಲಾರಳು. ಅರ್ಧ ಹರಿದಾರಿಯಲ್ಲಿ ಅದನ್ನೂ ಎಸೆಯುತ್ತಾಳೆ. ಮಳೆ ನೇರ ಕಡತದ ಮೇಲೆ. ಬಳಪದ ಬರಹ ನೀರಿಗೆ ನಿಲ್ಲುವುದಿಲ್ಲ. ಬಿದನೂರಿನ ಬಾಗಿಲಿಗೆ ಬಂದಾಗ ಅವಳ ಕೈಯಲ್ಲಿ ಕಪ್ಪು ಬಟ್ಟೆ ಮಾತ್ರ ಇದೆ. ಲೆಕ್ಕವೆಲ್ಲ ಬಾಯಲ್ಲಿದೆ, ಗುಡಿಯ ಜಗಲಿಯ ಕೆಳಗೆ ನಿಂತು ಕಲಿತ ಅದೇ ರಾಗದಲ್ಲಿ. ಬಾಗಿಲು ಕಾಯುವವನು ಕೇಳುತ್ತಾನೆ, ‘ಏನು ತಂದೀಯೆ?’

ಅವಳು ಏನು ಹೇಳುತ್ತಾಳೆ ಎಂದು ಅಮ್ಮನನ್ನು ಕೇಳಿದೆ. ‘ಮೊದಲು ಅವಳಿಗೆ ತಲೆ ಒರೆಸ್ಕೊಳ್ಳೋಕೆ ಏನಾದ್ರೂ ಕೊಡ್ಸು’ ಎಂದಳು.